ಸಿಎಸ್‌ಎಸ್ ಜೆನ್ ಗಾರ್ಡನ್

ಸಿಎಸ್‌ಎಸ್ ಜೆನ್ ಗಾರ್ಡನ್ ಎಂಬುದು ಜಾಲಪುಟಗಳ ವಿನ್ಯಾಸದಲ್ಲಿ ಸಿಎಸ್‌ಎಸ್ ಭಾಷೆಯ ಸಾಮರ್ಥ್ಯವನ್ನು ತೋರಿಸಿಕೊಡಲು ರೂಪಿಸಲಾದ ಜಾಲತಾಣ. ಕೆನಡಾದ ವಿನ್ಯಾಸಕಾರ ಡೇವ್ ಶೇ ಇದನ್ನು 2003ರ ಮೇ ತಿಂಗಳಿನಲ್ಲಿ ಆರಂಭಿಸಿದರು. ಪುಟದ ಎಚ್‌ಟಿಎಮ್‌ಎಲ್ ಕಡತವನ್ನು ಮುಟ್ಟದೆ, ಸಿಎಸ್‌ಎಸ್ ಕಡತವನ್ನೂ ಅದು ಬಳಸುವ ಚಿತ್ರಗಳನ್ನೂ ಮಾತ್ರ ಬದಲಿಸಿ ಪುಟಕ್ಕೆ ಸಂಪೂರ್ಣ ಬೇರೆಯ ರೂಪ ಕೊಡುವುದು ಇದರ ವೈಶಿಷ್ಟ್ಯ.

ಹಿನ್ನೆಲೆ

ಸಿಎಸ್‌ಎಸ್ ಕಲ್ಪನೆಯನ್ನು ಹೋಕಾನ್ ವಿಯುಮ್ ಲೀ 1994ರಲ್ಲಿ ಮುಂದಿಟ್ಟರು. ಅದರ ಮೊದಲ ಆವೃತ್ತಿಯನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ 1996ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಆದರೆ ಆಗಿನ ಬ್ರೌಸರ್‌ಗಳ ಬೆಂಬಲ ಅಪೂರ್ಣವಾಗಿದ್ದು, ಒಂದರಿಂದ ಇನ್ನೊಂದಕ್ಕೆ ಭಿನ್ನವಾಗಿತ್ತು. ಆದ್ದರಿಂದ ಹಲವು ವಿನ್ಯಾಸಕಾರರು ಪುಟದ ಅಂಕಣಗಳನ್ನು ಕೋಷ್ಟಕಗಳ ಮೂಲಕವೇ ಜೋಡಿಸುತ್ತಿದ್ದರು. ಅಕ್ಷರಗಳ ಬಣ್ಣ, ಗಾತ್ರಗಳನ್ನು ಪಠ್ಯದ ನಡುವೆಯೇ ಸೂಚಿಸುತ್ತಿದ್ದರು. ಹೀಗೆ ರಚಿಸಿದ ತಾಣದಲ್ಲಿ ಒಂದು ಬಣ್ಣವನ್ನು ಬದಲಿಸಲೂ ಪ್ರತಿಯೊಂದು ಪುಟವನ್ನು ತಿದ್ದಬೇಕಾಗುತ್ತಿತ್ತು. ಸಿಎಸ್‌ಎಸ್‌ನಿಂದ ರಚಿಸಿದ ಪುಟಗಳು ನೀರಸವಾಗಿರುತ್ತವೆ ಎಂಬ ಅಭಿಪ್ರಾಯವೂ ಇತ್ತು. ಅದು ತಪ್ಪೆಂದು ತೋರಿಸುವುದು ಈ ತಾಣದ ಉದ್ದೇಶವಾಗಿತ್ತು.

ಕಾರ್ಯವಿಧಾನ

ಪುಟದ ಶೀರ್ಷಿಕೆ, ಪರಿಚಯ, ಕೊಂಡಿಗಳ ಪಟ್ಟಿ ಮುಂತಾದ ಭಾಗಗಳಿಗೆ ಎಚ್‌ಟಿಎಮ್‌ಎಲ್‌ನಲ್ಲಿ ಐಡಿ ಅಥವಾ ಕ್ಲಾಸ್ ಎಂಬ ಗುರುತುಗಳನ್ನು ನೀಡಲಾಗಿದೆ. ಸಿಎಸ್‌ಎಸ್ ನಿಯಮದ ಮೊದಲ ಭಾಗವಾದ ಸೆಲೆಕ್ಟರ್ ಈ ಗುರುತುಗಳ ಮೂಲಕ ಬೇಕಾದ ಭಾಗವನ್ನು ಆರಿಸುತ್ತದೆ. ನಿಯಮದ ಉಳಿದ ಭಾಗವು ಅದರ ಬಣ್ಣ, ಅಕ್ಷರಶೈಲಿ, ಅಂಚು, ಹಿನ್ನೆಲೆಚಿತ್ರ ಮತ್ತು ಸ್ಥಾನವನ್ನು ನಿರ್ಧರಿಸುತ್ತದೆ. ಹೀಗಾಗಿ ಒಂದು ವಿನ್ಯಾಸದಲ್ಲಿ ಎಡಬದಿಯಲ್ಲಿರುವ ಕೊಂಡಿಗಳ ಪಟ್ಟಿಯನ್ನು ಇನ್ನೊಂದರಲ್ಲಿ ಪುಟದ ಮೇಲ್ಭಾಗದ ಅಡ್ಡಸಾಲಾಗಿ ತೋರಿಸಬಹುದು. ಆಸಕ್ತರು ಕಳುಹಿಸಿದ ಸಿಎಸ್‌ಎಸ್ ಕಡತಗಳಲ್ಲಿ ಆಯ್ದವುಗಳನ್ನು ತಾಣದಲ್ಲಿ ಪ್ರಕಟಿಸಲಾಯಿತು.

ಮಿತಿಗಳು

ಅಲಂಕಾರಕ್ಕೆ ಎಡೆಮಾಡಿಕೊಡಲು ಮೂಲ ಎಚ್‌ಟಿಎಮ್‌ಎಲ್‌ನಲ್ಲಿ ಪಠ್ಯವಿಲ್ಲದ 6 ಹೆಚ್ಚುವರಿ ಡಿವ್ ಟ್ಯಾಗ್‌ಗಳನ್ನು ಇರಿಸಲಾಗಿತ್ತು. ವಿಷಯವನ್ನು ರೂಪದಿಂದ ಪೂರ್ಣವಾಗಿ ಬೇರ್ಪಡಿಸುವ ತತ್ತ್ವಕ್ಕೆ ಇದು ಹೊಂದುವುದಿಲ್ಲ. ಶೀರ್ಷಿಕೆಯ ಪಠ್ಯವನ್ನು ಮರೆಮಾಡಿ ಅಲ್ಲಿ ಚಿತ್ರವನ್ನು ತೋರಿಸುವ ತಂತ್ರವೂ ಅನೇಕ ವಿನ್ಯಾಸಗಳಲ್ಲಿ ಬಳಕೆಯಾಯಿತು. ಮರೆಮಾಡುವ ಕೆಲವು ವಿಧಾನಗಳಲ್ಲಿ ದೃಷ್ಟಿಹೀನರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶಗಳು ಆ ಶೀರ್ಷಿಕೆಯನ್ನು ಓದದೆ ಬಿಡುತ್ತವೆ.

ನಂತರದ ಬೆಳವಣಿಗೆ

ಬ್ಲಾಗ್‌ಗಳ ಥೀಮ್‌ಗಳೂ ಇದೇ ತತ್ತ್ವವನ್ನು ಆಧರಿಸಿವೆ: ಥೀಮ್ ಬದಲಿಸಿದಾಗ ಬರಹಗಳು ಹಾಗೆಯೇ ಉಳಿದು, ಅವುಗಳ ರೂಪ ಬದಲಾಗುತ್ತದೆ. 2004ರಲ್ಲಿ ಬ್ಲಾಗರ್ ಸೇವೆಯು ಪರಿಚಯಿಸಿದ ಹೊಸ ವಿನ್ಯಾಸಗಳಲ್ಲಿ ‘ಸ್ನ್ಯಾಪ್‌ಶಾಟ್’ ಡೇವ್ ಶೇ ಅವರ ರಚನೆ. 2005ರಲ್ಲಿ ವರ್ಡ್‌ಪ್ರೆಸ್‌ನ 1.5ನೇ ಆವೃತ್ತಿಯು ಥೀಮ್ ವ್ಯವಸ್ಥೆಯನ್ನು ಅಳವಡಿಸಿಕೊಂಡಿತು. ಅದೇ ವರ್ಷ ಶೇ ಮತ್ತು ಮಾಲಿ ಹೋಲ್ಜ್‌ಶ್ಲಾಗ್ ಅವರ ‘ದಿ ಜೆನ್ ಆಫ್ ಸಿಎಸ್‌ಎಸ್ ಡಿಸೈನ್’ ಪುಸ್ತಕ ಪ್ರಕಟವಾಯಿತು. ಹತ್ತು ವರ್ಷ ತುಂಬಿದ 2013ರಲ್ಲಿ, ಮೊಬೈಲ್ ಪರದೆಗಳಿಗೂ ಹೊಂದಿಕೊಳ್ಳುವ ವಿನ್ಯಾಸಗಳಿಗಾಗಿ ಪುಟದ ಎಚ್‌ಟಿಎಮ್‌ಎಲ್ ಅನ್ನು ನವೀಕರಿಸಲಾಯಿತು.