ಮುಗಿಲಿಗೇರುವ ಚೆಂಡು

ಗಾಲ್ಫ್ ಆಟದಲ್ಲಿ ಮೊದಲ ದೊಡ್ಡ ಹೊಡೆತಕ್ಕೆ ಡ್ರೈವ್ ಎಂದು ಹೆಸರು. ಟೀ ಎಂಬ ಪುಟ್ಟ ಗೂಟವನ್ನು ನೆಲಕ್ಕೆ ಚುಚ್ಚಿ, ಅದರ ನೆತ್ತಿಯ ಮೇಲೆ ಚೆಂಡನ್ನು ಕೂರಿಸಿ, ಇದ್ದ ದಾಂಡುಗಳಲ್ಲೆಲ್ಲ ಉದ್ದವಾದ ಡ್ರೈವರನ್ನು ಬೀಸಿ, ಚೆಂಡನ್ನು ಆದಷ್ಟು ದೂರ ಕಳಿಸುವುದು ಅದರ ಉದ್ದೇಶ. ಆದರೆ ಅನೇಕರ ಚೆಂಡು ದೂರ ಹೋಗುವ ಬದಲು ಎತ್ತರಕ್ಕೆ ಹೋಗುತ್ತದೆ. ನೋಡುವವರ ಕಣ್ಣಿಗೆ ಅದೊಂದು ಸೊಗಸು. ಅದು ಎಲ್ಲಿ ಬೀಳುವುದೆಂಬ ಸಂಕಟ ಹೊಡೆದವನಿಗೆ ಮಾತ್ರ ಗೊತ್ತು. ಎದುರುಗಾಳಿಯಿದ್ದ ದಿನವಂತೂ ಏರಿದ ಚೆಂಡು ಮುಂದುವರಿಯುವುದನ್ನೇ ಮರೆತು ಆಕಾಶದಲ್ಲಿ ನಿಂತಂತೆ ತೋರುತ್ತದೆ.

ಇದಕ್ಕೆ ಆಟಗಾರರು ತಾವೇ ಕಂಡುಕೊಳ್ಳುವ ಮದ್ದು ಎರಡು. ಮೇಲೇರುವುದನ್ನು ಕೆಳಕ್ಕೆ ಒತ್ತಬೇಕೆಂಬ ಲೋಕರೂಢಿಯ ತರ್ಕದಂತೆ ಚೆಂಡನ್ನು ಮೇಲಿನಿಂದ ಅದುಮಿ ಹೊಡೆಯುವುದು ಒಂದು. ಟೀಯನ್ನು ಇನ್ನಷ್ಟು ನೆಲಕ್ಕಿಳಿಸುವುದು ಮತ್ತೊಂದು. ಎರಡೂ ಸಹಜವಾದವು, ಎರಡೂ ಬಹುಮಟ್ಟಿಗೆ ರೋಗವನ್ನೇ ಬೆಳೆಸುವಂಥವು. ಏಕೆಂಬುದನ್ನು ಅರಿಯಲು ನಾವು ಹತ್ತೊಂಬತ್ತನೆಯ ಶತಮಾನದ ಕೊನೆಯ ಸ್ಕಾಟ್ಲೆಂಡಿಗೆ ಹೋಗಬೇಕು.

ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಆಗ ಪೀಟರ್ ಗತ್ರಿ ಟೇಟ್ ಎಂಬವರು ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಸೇಂಟ್ ಆಂಡ್ರೂಸಿನ ಕಡಲತೀರದ ಮೈದಾನದಲ್ಲಿ ಗಾಲ್ಫ್ ಆಡುವುದು ಅವರ ಹುಚ್ಚು. ಅವರ ಮಗ ಫ್ರೆಡ್ಡಿ ಟೇಟ್ ಇನ್ನೂ ದೊಡ್ಡ ಆಟಗಾರ. 1896 ಮತ್ತು 1898ರಲ್ಲಿ ಬ್ರಿಟಿಷ್ ಹವ್ಯಾಸಿ ಪ್ರಶಸ್ತಿಯನ್ನು ಗೆದ್ದವನು. ಚೆಂಡು ಗಾಳಿಯಲ್ಲಿ ಅಷ್ಟು ಹೊತ್ತು ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆ ಪ್ರಾಧ್ಯಾಪಕರನ್ನು ಕಾಡಿತು. ಬರಿಯ ವೇಗ ಮತ್ತು ಗುರುತ್ವಾಕರ್ಷಣೆಯ ಲೆಕ್ಕ ಹಾಕಿದರೆ ಅದು ಬಹಳ ಮೊದಲೇ ನೆಲಕ್ಕೆ ಬರಬೇಕಿತ್ತು. ಟೇಟ್ ಚೆಂಡಿಗೆ ಒಂದು ಉದ್ದನೆಯ ತೆಳುವಾದ ಪಟ್ಟಿಯನ್ನು ಕಟ್ಟಿ, ಹತ್ತಿರದ ಜೇಡಿಮಣ್ಣಿನ ಗುಡ್ಡೆಗೆ ಹೊಡೆಸಿ, ಪಟ್ಟಿಯಲ್ಲಿ ಬಿದ್ದ ತಿರುಚುಗಳನ್ನು ಎಣಿಸಿದರು. ಎಂಥ ಸರಳವಾದ ಉಪಾಯ! ಚೆಂಡು ಬುಗುರಿಯಂತೆ ಗಿರಕಿ ಹೊಡೆಯುತ್ತ ಸಾಗುತ್ತಿತ್ತು, ಅದೂ ಹಿಮ್ಮುಖವಾಗಿ: ಅದರ ತಲೆ ಹೊಡೆದವನ ಕಡೆಗೆ, ಅಡಿ ಗುರಿಯ ಕಡೆಗೆ ತಿರುಗುತ್ತ. ಹೀಗೆ ತಿರುಗುವ ಚೆಂಡು ತನ್ನನ್ನು ಸವರಿ ಹೋಗುವ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಗಾಳಿ ಚೆಂಡನ್ನು ಮೇಲಕ್ಕೆ ಎತ್ತುತ್ತದೆ. ಪ್ರಸನ್ನ, ಚಂದ್ರಶೇಖರರ ಬೌಲಿಂಗನ್ನು ಕಂಡವರಿಗೆ ಇದನ್ನು ಬೇರೆಯಾಗಿ ಹೇಳಬೇಕಿಲ್ಲ. ಮುಂದಕ್ಕೆ ಉರುಳುವ ಗಿರಕಿಯ ಚೆಂಡು ಬ್ಯಾಟುಗಾರನ ಮುಂದೆ ತಟ್ಟನೆ ಇಳಿಯುತ್ತದೆಯಷ್ಟೆ. ಗಾಲ್ಫ್ ಚೆಂಡಿನದು ಅದರ ತಿರುವುಮುರುವು.

ಫ್ರೆಡ್ಡಿ 1900ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಮಡಿದ. ತಂದೆ ಮರುವರ್ಷ ತೀರಿಕೊಂಡರು. ತಂದೆ ಲೆಕ್ಕ ಹಾಕಿ ಗೊತ್ತುಮಾಡಿದ್ದ ದೂರದ ಮಿತಿಯನ್ನು ಮಗ ಒಂದೇ ಹೊಡೆತದಲ್ಲಿ ಸುಳ್ಳು ಮಾಡಿದನೆಂಬ ಕಥೆಯನ್ನು ಗಾಲ್ಫ್ ಲೋಕ ಇಂದಿಗೂ ಹೇಳಿಕೊಳ್ಳುತ್ತದೆ. ಗಿರಕಿಯ ಮಹಿಮೆಯನ್ನು ಜಗತ್ತಿಗೆ ತೋರಿಸಿಕೊಟ್ಟವರೇ ಆ ತಂದೆಯಾದ್ದರಿಂದ, ಅದನ್ನು ಕಥೆಯೆಂದೇ ಎಣಿಸುವುದು ನ್ಯಾಯ.

ಈಗ ನಮ್ಮ ರೋಗಿಯ ಬಳಿಗೆ ಹಿಂದಿರುಗೋಣ. ಈ ಗಿರಕಿ ಇಲ್ಲದೆ ದೂರವಿಲ್ಲ, ಅತಿಯಾದರೂ ದೂರವಿಲ್ಲ. ಒಳ್ಳೆಯ ಆಟಗಾರನ ಡ್ರೈವಿನಲ್ಲಿ ಚೆಂಡು ನಿಮಿಷಕ್ಕೆ 2000ದಿಂದ 3000 ಸುತ್ತು ತಿರುಗುತ್ತದೆ. ಅದನ್ನು ಬಹಳ ಮೀರಿದರೆ ಚೆಂಡು ಹದವಾದ ಎತ್ತರದಲ್ಲಿ ಹೊರಟು, ನಡುದಾರಿಯಲ್ಲಿ ಮೆಟ್ಟಿಲೇರಿದಂತೆ ಮೇಲೇರಿ, ಬಲಗುಂದಿ, ನೆಟ್ಟಗೆ ಕೆಳಗಿಳಿಯುತ್ತದೆ. ದಾಂಡಿನ ತಲೆ ಸಾಗುವ ದಾರಿಗೂ ಅದರ ಮುಖದ ಓರೆಗೂ ನಡುವಿನ ಕೋನ ಹೆಚ್ಚಿದಷ್ಟೂ ಈ ಸುತ್ತು ಹೆಚ್ಚುತ್ತದೆ. ಡ್ರೈವರಿನ ಮುಖ ಸಾಮಾನ್ಯವಾಗಿ 8ರಿಂದ 12 ಡಿಗ್ರಿಯಷ್ಟು ಮೇಲಕ್ಕೆ ಓರೆಯಾಗಿರುತ್ತದೆ. ಅದನ್ನು ಹಿಡಿದು ಮೇಲಿನಿಂದ ಕೆಳಕ್ಕೆ ಹೊಡೆದಾಗ ದಾರಿ ಕೆಳಮುಖ, ಮುಖ ಮೇಲ್ಮುಖ; ಕೋನ ಹಿಗ್ಗಿತು, ಗಿರಕಿ ಹೆಚ್ಚಿತು. ಅದುಮಿದಷ್ಟೂ ಚೆಂಡು ಏರುವ ರಹಸ್ಯ ಇದು. ಟೀ ತಗ್ಗಿಸುವವನ ಕಥೆಯೂ ಇದರ ನೆರೆಯದೇ. ಚೆಂಡು ಮುಖದ ಕೆಳಭಾಗಕ್ಕೆ ತಾಗುತ್ತದೆ. ಆ ಪೆಟ್ಟಿಗೆ ದಾಂಡಿನ ತಲೆ ತುಸು ಹೊರಳಿ ಚೆಂಡಿಗೆ ಮತ್ತಷ್ಟು ಹಿಮ್ಮುಖ ಗಿರಕಿಯನ್ನು ಕೊಡುತ್ತದೆ.

ಚಿಕಿತ್ಸೆ ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿದೆ. ಬಲಗೈ ಆಟಗಾರನು ಚೆಂಡನ್ನು ಎಡ ಹಿಮ್ಮಡಿಯ ನೇರಕ್ಕೆ ಇಟ್ಟು, ಬಲ ಭುಜ ತುಸು ತಗ್ಗಿರುವಂತೆ ಬೆನ್ನನ್ನು ಬಲಕ್ಕೆ ವಾಲಿಸಿ ನಿಲ್ಲಬೇಕು. ದಾಂಡನ್ನು ನೆಲಕ್ಕೆ ತಾಗಿಸಿದಾಗ ಚೆಂಡಿನ ಅರ್ಧ ಭಾಗ ಅದರ ನೆತ್ತಿಗಿಂತ ಮೇಲೆ ಕಾಣುವಷ್ಟು ಟೀ ಎತ್ತರವಿದ್ದರೆ ಸಾಕು. ಬೀಸಿನ ಅತಿ ಕೆಳಗಿನ ಬಿಂದು ಚೆಂಡಿಗಿಂತ ಹಿಂದೆ ಮುಗಿದು, ದಾಂಡು ಏರತೊಡಗಿದಾಗ ಚೆಂಡು ಸಿಗಬೇಕು: ಕುಟ್ಟುವುದಲ್ಲ, ಗುಡಿಸುವುದು.

ಎತ್ತರಕ್ಕೆ ಹೋಗುವ ಚೆಂಡೆಲ್ಲ ಇದೇ ರೋಗದ್ದಲ್ಲ ಎಂಬುದನ್ನೂ ಹೇಳಬೇಕು. ಹೊರಟ ಕೂಡಲೇ ನೆಟ್ಟಗೆ ಆಕಾಶಕ್ಕೆ ಹಾರಿ ಹತ್ತಿರವೇ ಬೀಳುವ ಚೆಂಡು ದಾಂಡಿನ ಮೇಲಂಚಿಗೆ ತಾಗಿದ್ದು. ನೆತ್ತಿಯ ಬಣ್ಣದ ಮೇಲೆ ಅದರ ಗಾಯವೂ ಕಾಣುತ್ತದೆ. ಬೀಸುವಾಗ ತಲೆ, ಎದೆ ಚೆಂಡನ್ನು ದಾಟಿ ಗುರಿಯ ಕಡೆಗೆ ಜಾರಿದಾಗ ದಾಂಡು ಕಡಿದಾಗಿ ಇಳಿದು ಚೆಂಡಿನ ಅಡಿಗೆ ನುಗ್ಗುತ್ತದೆ. ತಲೆಯನ್ನು ಚೆಂಡಿನ ಹಿಂದೆಯೇ ನಿಲ್ಲಿಸುವುದು ಇದಕ್ಕೆ ಪರಿಹಾರ. ಗಿರಕಿಯ ಗೊಡವೆಯಿಲ್ಲದೆ ಮೊದಲಿನಿಂದಲೇ ಅತಿ ಎತ್ತರದ ಕಮಾನಿನಲ್ಲಿ ಹೋಗುವ ಚೆಂಡಿನದು ಮೂರನೆಯ ಬಗೆ. ದೇಹದ ಭಾರ ಹಿಂಗಾಲಿನಲ್ಲಿಯೇ ಉಳಿದು, ಮಣಿಕಟ್ಟು ಚೆಂಡನ್ನು ಎತ್ತಿಹಾಕಲು ಮುಂದಾದಾಗ ದಾಂಡಿನ ಮುಖ ಇನ್ನಷ್ಟು ಓರೆಯಾಗುತ್ತದೆ. ಚೆಂಡನ್ನು ಒಂದು ಬೆರಳಷ್ಟು ಹಿಂದಕ್ಕೆ ತಂದು, ಎಡಗಾಲಿನ ಮೇಲೆ ನಿಂತು ಬೀಸನ್ನು ಮುಗಿಸಿದರೆ ಇದು ಹತೋಟಿಗೆ ಬರುತ್ತದೆ.

ಯಾವ ಬಗೆಯೆಂದು ತಿಳಿಯದವರು ದಾಂಡಿನ ಮುಖಕ್ಕೆ ಒಂದಿಷ್ಟು ಟಾಲ್ಕಂ ಪೌಡರು ಬಳಿಯಲಿ. ಚೆಂಡಿಗೂ ದಾಂಡಿಗೂ ಆಗುವ ಭೇಟಿ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟರದು, ಕಣ್ಣು ಅದನ್ನು ಹಿಡಿಯಲಾರದು. ಪೌಡರಿನಲ್ಲಿ ಉಳಿದ ಗುರುತು ಎಲ್ಲವನ್ನೂ ಹೇಳುತ್ತದೆ. ಹೊಸ ಡ್ರೈವರಿಗಾಗಿ ಅಂಗಡಿಗೆ ಓಡುವ ಮುನ್ನ ಈ ಅಗ್ಗದ ಪರೀಕ್ಷೆಯನ್ನು ಮಾಡಬಾರದೇಕೆ? ಗುರುತು ಮುಖದ ನಡುವಿನಲ್ಲಿ, ಇಲ್ಲವೆ ತುಸು ಮೇಲೆ ಬಿದ್ದು, ಬೀಸೂ ಸರಿಯಾಗಿದ್ದು, ಆಗಲೂ ಚೆಂಡು ಏರುತ್ತಿದ್ದರೆ ಓರೆ ಕಡಿಮೆಯಿರುವ ದಾಂಡಿನ ಮಾತನ್ನು ಎತ್ತಬಹುದು.

1876ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ ಕಡೆ ಆಡುವವರಿಗೆ ಇನ್ನೊಂದು ಮಾತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಆ ಊರಿನ ಗಾಳಿ ಕಡಲತೀರದ ಗಾಳಿಗಿಂತ ನೂರಕ್ಕೆ 8 ಪಾಲಿನಷ್ಟು ತೆಳು. ಚೆಂಡನ್ನು ಎತ್ತುವ ಬಲವೂ ಅಷ್ಟು ಕಡಿಮೆ. ಇಲ್ಲಿ ಹದವಾಗಿ ಹಾರಿದ ಹೊಡೆತವೇ ಮದರಾಸಿನಲ್ಲಿ, ಸಂಜೆಯ ಕಡಲಗಾಳಿಗೆ ಎದುರಾಗಿ, ಕೊಂಚ ಹೆಚ್ಚಾಗಿಯೇ ಏರೀತು. ಅಲ್ಲಿ ಗಾಳಿಯನ್ನು ಗೆಲ್ಲಬೇಕೆಂದು ಬಲವನ್ನೆಲ್ಲ ಸುರಿದರೆ ಗಿರಕಿಯೂ ಬಲದೊಡನೆ ಬೆಳೆಯುತ್ತದೆ. ಎಂದಿಗಿಂತ ತುಸು ಮೆಲ್ಲಗೆ ಬೀಸುವವನ ಚೆಂಡೇ ಗಾಳಿಯ ಕೆಳಗೆ ನುಸುಳಿ ಮುಂದೆ ಹೋಗುತ್ತದೆ.