ಅವರೆಯ ಬೇರಿನ ಗಂಟುಗಳು

ಚಳಿಗಾಲ ಬಂತೆಂದರೆ ಮಾಗಡಿ ರಸ್ತೆಯ ಮೂಲಕ ವಿಜಯನಗರ, ರಾಜಾಜಿನಗರಗಳ ಮಾರುಕಟ್ಟೆಗಳಿಗೆ ಅವರೆಕಾಯಿ ಬಂದಿಳಿಯುತ್ತದೆ. ಅದರ ಸೊಗಡನ್ನು ಮೆಚ್ಚದ ಬೆಂಗಳೂರಿಗರು ವಿರಳ. ಆ ಕಾಯಿಗಾಗಿ ನೆಲದೊಳಗೆ ದುಡಿದ ಜೀವಿಗಳನ್ನು ಬಲ್ಲವರು ಇನ್ನೂ ವಿರಳ. ಕಲಾ ಕಾಲೇಜಿನ ಸಂಚಿಕೆಯಲ್ಲಿ ಬೇಸಾಯದ ಮಾತೇಕೆಂದು ಕೆಲವರು ಕೇಳಬಹುದು. ನಮ್ಮಲ್ಲಿ ಅನೇಕರು ರೈತರ ಮನೆಗಳಿಂದ ಬಂದವರು. ಗೊಬ್ಬರದ ಖರ್ಚು ಸಂಸಾರವನ್ನು ಹೇಗೆ ಹಿಂಡುತ್ತದೆಂಬುದನ್ನು ಕಂಡವರು. ಆದುದರಿಂದ ಈ ವಿಷಯ ನಮಗೆ ಪರಕೀಯವಲ್ಲ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದೆಯಷ್ಟೆ. ಆದರೂ ಪೈರುಗಳು ಅದನ್ನು ನೇರವಾಗಿ ಬಳಸಲಾರವು. ಸಾಗರದ ನಡುವೆ ಕುಳಿತು ಬಾಯಾರಿದವನ ಪಾಡು ಅವುಗಳದು. ಆದರೆ ಅವರೆ, ತೊಗರಿ, ಹುರುಳಿ, ಅಲಸಂದೆ ಮುಂತಾದ ದ್ವಿದಳ ಧಾನ್ಯಗಳು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿವೆ. 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ತ್ ಎಂಬ ವಿಜ್ಞಾನಿಗಳು, ಬಟಾಣಿ ಗಿಡವು ಗಾಳಿಯ ಸಾರಜನಕವನ್ನು ಪಡೆಯುವುದು ಬೇರಿನ ಗಂಟುಗಳ ಮೂಲಕವೆಂದು ತೋರಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಗಂಟುಗಳೊಳಗಿನ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ಬೆಳೆಸಿದರು. ರೈಜೋಬಿಯಂ ಎಂಬುದು ಇವುಗಳ ಹೆಸರು.

ಎಳೆಯ ಬೇರು ಮಣ್ಣಿಗೆ ಕೆಲವು ರಸಗಳನ್ನು ಸ್ರವಿಸುತ್ತದೆ. ಆ ಕರೆಯನ್ನು ಗುರುತಿಸಿದ ಬ್ಯಾಕ್ಟೀರಿಯಗಳು ಬೇರನ್ನು ಹೊಕ್ಕು ಗಂಟುಕಟ್ಟುತ್ತವೆ. ಗಿಡ ಅವುಗಳಿಗೆ ಸಕ್ಕರೆಯ ಅಂಶವನ್ನು ಉಣಿಸುತ್ತದೆ. ಅವು ಗಿಡಕ್ಕೆ ಸಾರಜನಕವನ್ನು ಅಮೋನಿಯದ ರೂಪದಲ್ಲಿ ಕೊಡುತ್ತವೆ. ಇದು ದಾನವಲ್ಲ, ಕೊಡುಕೊಳ್ಳುವ ವ್ಯವಹಾರ. ಹೊಲಕ್ಕೆ ಯೂರಿಯಾವನ್ನು ಧಾರಾಳವಾಗಿ ಸುರಿದರೆ ಗಿಡಕ್ಕೆ ಈ ಪಾಲುಗಾರರ ಅಗತ್ಯವೇ ಉಳಿಯುವುದಿಲ್ಲ, ಗಂಟುಗಳೂ ಕಡಿಮೆಯಾಗುತ್ತವೆ.

ಕೆಂಗೇರಿಯನ್ನು ದಾಟಿ ಮಾಗಡಿ, ರಾಮನಗರಗಳ ಕಡೆಗೆ ಹೋದರೆ ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲುಗಳು ಇಂದಿಗೂ ಕಾಣುತ್ತವೆ. ಬ್ಯಾಕ್ಟೀರಿಯದ ಹೆಸರನ್ನೇ ಕೇಳದ ನಮ್ಮ ಹಿರಿಯರು ಅನುಭವದಿಂದ ಹಾಕಿಕೊಟ್ಟ ಪದ್ಧತಿ ಇದು. ಆದರೆ ಅವರೆ ಬಿತ್ತಿದೊಡನೆ ನೆಲ ಫಲವತ್ತಾಗುತ್ತದೆಂಬುದು ಅರ್ಧ ಸತ್ಯ. ಗಿಡ ಗಳಿಸಿದ ಸಾರಜನಕದ ಬಹುಭಾಗ ಕಾಳಿನೊಡನೆ ಪೇಟೆ ಸೇರುತ್ತದೆ. ಬೇರು ಮತ್ತು ಎಲೆಗಳನ್ನು ಹೊಲದಲ್ಲೇ ಕೊಳೆಯಲು ಬಿಟ್ಟರೆ ಮಾತ್ರ ಉಳಿದ ಪಾಲು ಮಣ್ಣಿಗೆ ದಕ್ಕುತ್ತದೆ.

ಎಲ್ಲ ಮಣ್ಣಿನಲ್ಲಿಯೂ ತಕ್ಕ ಬ್ಯಾಕ್ಟೀರಿಯಗಳು ತಕ್ಕಷ್ಟು ಇರುವುದಿಲ್ಲ. ಅದಕ್ಕಾಗಿ ಪ್ರಯೋಗಶಾಲೆಯಲ್ಲಿ ಅವನ್ನು ಬೆಳೆಸಿ, ಇದ್ದಿಲಿನ ಪುಡಿಯಂಥ ಪದಾರ್ಥದಲ್ಲಿ ಬೆರೆಸಿ ಪೊಟ್ಟಣ ಕಟ್ಟುತ್ತಾರೆ. 1964ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ ಈ ಕೆಲಸ ನಡೆಯುತ್ತದೆ. ಬಳಸುವ ಕ್ರಮ ಸುಲಭ. ಬೆಲ್ಲದ ನೀರನ್ನು ಕುದಿಸಿ, ಪೂರ್ತಿ ಆರಿಸಿ, ಅದರಲ್ಲಿ ಪುಡಿಯನ್ನು ಕಲಸಿ ಬೀಜಕ್ಕೆ ಹಗುರವಾಗಿ ಲೇಪಿಸಬೇಕು. ಒಂದು ಎಕರೆಯ ಬೀಜಕ್ಕೆ ಸಾಮಾನ್ಯವಾಗಿ 200 ಗ್ರಾಂ ಪುಡಿ ಸಾಕು. ಬೀಜವನ್ನು ನೆರಳಿನಲ್ಲಿ ಒಣಗಿಸಿ ಅಂದೇ ಬಿತ್ತಬೇಕು.

ಪೊಟ್ಟಣದಲ್ಲಿರುವುದು ಬರಿಯ ಗೊಬ್ಬರವಲ್ಲ, ಜೀವವೆಂಬುದನ್ನು ಮರೆಯಬಾರದು. ಬಿಸಿಲಿಗಿಟ್ಟರೆ, ಅವಧಿ ಮೀರಿದರೆ, ವಿಷದ ಔಷಧದೊಡನೆ ಬೆರೆಸಿದರೆ ಅದು ಸಾಯುತ್ತದೆ. ರೈತ ಬರಿಯ ಪುಡಿಗೆ ಹಣ ತೆತ್ತಂತಾಗುತ್ತದೆ. ಬೆಳೆಗೆ ತಕ್ಕ ತಳಿಯೂ ಬೇಕು: ಸೋಯಾ ಅವರೆಯ ಬ್ಯಾಕ್ಟೀರಿಯ ಕಡಲೆಗೆ ಒದಗುವುದಿಲ್ಲ. ಮಣ್ಣಿನಲ್ಲಿ ರಂಜಕ ಕಡಿಮೆಯಿದ್ದರೆ, ಹುಳಿ ಹೆಚ್ಚಿದ್ದರೆ ಗಂಟು ಸರಿಯಾಗಿ ಕಟ್ಟದು. ಹೊಲದಲ್ಲಿ ಮೊದಲೇ ಒಳ್ಳೆಯ ಬ್ಯಾಕ್ಟೀರಿಯಗಳಿದ್ದರೆ ಹೊಸದರಿಂದ ಹೆಚ್ಚಿನ ಲಾಭ ಕಾಣದೆಯೂ ಹೋಗಬಹುದು. ಇದು ಪವಾಡವಲ್ಲ, ಸ್ಥಿತಿಗತಿಗಳನ್ನರಿತು ಮಾಡುವ ಕೆಲಸ.

ಲಾಭವಿದೆಯೋ ಇಲ್ಲವೋ ಎಂಬುದನ್ನು ರೈತನೇ ಪರೀಕ್ಷಿಸಬಹುದು. ಹೂ ಬಿಡುವ ಹೊತ್ತಿಗೆ ಒಂದೆರಡು ಗಿಡಗಳನ್ನು ಮಣ್ಣುಸಹಿತ ಮೆಲ್ಲನೆ ಅಗೆದು, ಬೇರು ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ನಸುಗೆಂಪಿದ್ದರೆ ಕೆಲಸ ನಡೆಯುತ್ತಿದೆ. ನಮ್ಮ ರಕ್ತದ ಕೆಂಪಿಗೆ ಹತ್ತಿರದ ನಂಟುಳ್ಳ ಲೆಗ್‌ಹಿಮೊಗ್ಲೋಬಿನ್ ಎಂಬ ವಸ್ತುವಿನ ಬಣ್ಣವದು. ಬೆಳ್ಳಗಿದ್ದರೆ ಗಂಟಿದ್ದೂ ಫಲವಿಲ್ಲ. ಹಸಿರು ಅಥವಾ ಕಂದಾಗಿದ್ದರೆ ಅದರ ಕಾಲ ಮುಗಿದಿದೆ.

ರಜಕ್ಕೆ ಊರಿಗೆ ಹೋಗುವ ಮಿತ್ರರು ತಮ್ಮ ಹೊಲದಲ್ಲಿ ಈ ಪರೀಕ್ಷೆಯನ್ನು ಮಾಡಿ ಮನೆಯ ಹಿರಿಯರಿಗೆ ತೋರಿಸಲಿ. ಅದಕ್ಕೆ ಯಂತ್ರ ಬೇಡ, ಪದವಿ ಬೇಡ. ಮುಂದಿನ ಬಿತ್ತನೆಗೆ ಪೊಟ್ಟಣಕ್ಕೆ ಹಣ ಹಾಕಬೇಕೋ ಬೇಡವೋ ಎಂಬ ಯೋಚನೆಗೆ ಆ ಬೇರಿನ ಬಣ್ಣವೇ ಮೊದಲ ಸಾಕ್ಷಿ.