ಬಸುರಿಯ ಸಕ್ಕರೆ: ಕಣ್ಣಿಗೆ ಕಾಣದು, ಪರೀಕ್ಷೆಗೆ ಸಿಗುತ್ತದೆ

ಸಂಘದಲ್ಲಿ ಹಾಲು ಹಾಕುವಾಗ ಮೊದಲು ಪರೀಕ್ಷೆ, ಆಮೇಲೆ ಲೆಕ್ಕ. ಎರಡು ಹಸುವಿನ ಹಾಲು ಒಂದೇ ಬಿಳುಪು ಕಂಡರೂ ಒಂದರ ಫ್ಯಾಟ್ 3.5, ಇನ್ನೊಂದರದು 4.2 ಇರಬಹುದು. ಕಣ್ಣಳತೆಗೆ ಅದು ಸಿಗುವುದಿಲ್ಲ, ಯಂತ್ರವೇ ಹೇಳಬೇಕು. ಬಸುರಿ ಹೆಣ್ಣುಮಗಳ ರಕ್ತದ ಸಕ್ಕರೆಯೂ ಹಾಗೆಯೇ. ಸುಸ್ತು, ಬಾಯಾರಿಕೆ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗುವುದು ಬಸಿರಿನಲ್ಲಿ ಎಲ್ಲರಿಗೂ ಇದ್ದದ್ದೇ. ಹೆಚ್ಚಿನವರಿಗೆ ಬೇರೆ ಯಾವ ಲಕ್ಷಣವೂ ಇರುವುದಿಲ್ಲ.

ನಾನು ದನದ ಡಾಕ್ಟರು. ಬಸುರಿಯರ ಚಿಕಿತ್ಸೆ ನನ್ನ ಕೆಲಸವಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಊರುಗಳಿಗೆ ಲಸಿಕೆ ಹಾಕಲು ಹೋದಾಗ, ಹಸುವಿನ ವಿಚಾರ ಮುಗಿದ ಮೇಲೆ ಅಕ್ಕ-ತಂಗಿಯರು ತಮ್ಮ ಆರೋಗ್ಯದ ಮಾತು ತೆಗೆಯುತ್ತಾರೆ. “ನಮ್ಮ ಮನೆತನದಾಗ ಯಾರಿಗೂ ಸಕ್ಕರೆ ಇಲ್ಲ, ನನಗ್ಯಾಕ ಬಂತ್ರಿ ಮೇಡಮ್?” ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಅತ್ತೆಗೆ ಹೇಳದೆ ಆಸ್ಪತ್ರೆ ಚೀಟಿ ಮುಚ್ಚಿಟ್ಟಿದ್ದರು. ಅದಕ್ಕೇ ಈ ಬರಹ.

ಯಾಕೆ ಬರುತ್ತದೆ?

ಬಸಿರಿನಲ್ಲಿ ಮಾಸು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಕೂಸಿಗೆ ಸಕ್ಕರೆ ಕಡಿಮೆ ಬೀಳದಿರಲಿ ಎಂದು ಅವು ತಾಯಿಯ ಇನ್ಸುಲಿನ್ ಕೆಲಸವನ್ನು ತಡೆಯುತ್ತವೆ. ಆಗ ದೇಹ ಹೆಚ್ಚು ಇನ್ಸುಲಿನ್ ಮಾಡಬೇಕು. ಮಾಡಲಾಗದಿದ್ದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಇದು ಯಾರ ತಪ್ಪೂ ಅಲ್ಲ, ಮುಚ್ಚಿಡುವಂಥದ್ದೂ ಅಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಕರು ಹಾಕಿದ ಮೇಲೆ ಹೆಚ್ಚು ಹಾಲು ಕೊಡುವ ಹಸುವಿಗೆ ರಕ್ತದ ಸಕ್ಕರೆ ಇಳಿದು ಕೀಟೋಸಿಸ್ ಆಗುತ್ತದೆ. ಅದಕ್ಕೆ ಬೆಲ್ಲ ತಿನ್ನಿಸುತ್ತೀರಿ, ನಾವು ಗ್ಲೂಕೋಸ್ ಬಾಟಲಿ ಏರಿಸುತ್ತೇವೆ. ಬಸುರಿಗೆ ಆಗುವುದು ಇದರ ತಿರುವುಮುರುವು. ಸುಸ್ತು ಎಂದಾಕ್ಷಣ ಆಕೆಗೆ ಬೆಲ್ಲದ ಪಾನಕ, ಗ್ಲೂಕೋಸ್ ಪುಡಿ ಕುಡಿಸಬೇಡಿ.

ತಾಯಿಯ ಸಕ್ಕರೆ ಏರಿದರೆ ಕೂಸಿಗೂ ಅದು ಹರಿದು ಕೂಸು ದಪ್ಪವಾಗುತ್ತದೆ. ಮೊದಲ ಸೂಲಿನ ಕಡಸಿನ ಹೊಟ್ಟೆಯಲ್ಲಿ ಕರು ದೊಡ್ಡದಾದರೆ ಎಷ್ಟು ಒದ್ದಾಟ ಎಂದು ನೀವೇ ನೋಡಿದ್ದೀರಿ. ಇಲ್ಲೂ ಹೆರಿಗೆ ಕಷ್ಟವಾಗುತ್ತದೆ. ತಾಯಿಗೆ ಬಿಪಿ ಏರಬಹುದು. ಹುಟ್ಟಿದ ಕೂಡಲೇ ಕೂಸಿನ ಸಕ್ಕರೆ ಇಳಿಯಬಹುದು.

ಮೈಸೂರಿನಲ್ಲಿ ಕಂಡದ್ದು

1997-98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಗೆ ಬರುತ್ತಿದ್ದ 785 ಬಸುರಿಯರ ಸಕ್ಕರೆ ಪರೀಕ್ಷೆ ಮಾಡಿದರು. ನೂರಕ್ಕೆ ಆರು ಮಂದಿಗೆ ಈ ತೊಂದರೆ ಇತ್ತು. ವೈದ್ಯರು ಅಲ್ಲಿಗೆ ಬಿಡದೆ ತಾಯಿ-ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತಾ ಬಂದರು. ಐದು ವರ್ಷದ ಬಳಿಕ ನೋಡಿದಾಗ, ಬಸಿರಿನಲ್ಲಿ ಸಕ್ಕರೆ ಏರಿದ್ದವರಲ್ಲಿ ನೂರಕ್ಕೆ 37 ಮಂದಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಉಳಿದವರಲ್ಲಿ ಅದು ನೂರಕ್ಕೆ 2 ಮಾತ್ರ. ಮಕ್ಕಳು ಒಂಬತ್ತೂವರೆ ವರ್ಷದವರಾದಾಗ, ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಮೈಕೊಬ್ಬು ಹೆಚ್ಚಾಗಿತ್ತು. ಅಂದರೆ “ಹೆರಿಗೆ ಆದರೆ ಎಲ್ಲ ಸರಿಹೋಗುತ್ತದೆ” ಎಂಬ ಮಾತು ಅರ್ಧ ಮಾತ್ರ ನಿಜ.

ಪರೀಕ್ಷೆ ಹೇಗೆ?

ಸರ್ಕಾರದ ನಿಯಮದಂತೆ ಪ್ರತಿ ಬಸುರಿಗೂ ಎರಡು ಸಲ ಪರೀಕ್ಷೆ ಆಗಬೇಕು: ಮೊದಲ ತಪಾಸಣೆಗೆ ಹೋದಾಗ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ತಾಸಿನ ನಂತರ ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚು ಬಂದರೆ ಸಕ್ಕರೆ ಇದೆ ಎಂದರ್ಥ. ಇದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ಬೆಳಗಿನ ಹಾಲು ಹಾಕಿ, ತಿಂಡಿ ತಿಂದು, ತಾಯಿ ಕಾರ್ಡ್ ಹಿಡಿದು ಹೊರಡಬಹುದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗಾಗಿಯೇ ಉಚಿತ ತಪಾಸಣೆ ಇರುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಹಾಲು ಕರೆಯುವವರ ಊಟದ ವೇಳೆ

ಸಕ್ಕರೆ ಇದೆ ಎಂದು ತಿಳಿದರೆ ಮೊದಲ ಎರಡು ವಾರ ಊಟದ ಪಥ್ಯ ಮತ್ತು ನಡಿಗೆಯಲ್ಲೇ ಹತೋಟಿಗೆ ತರಲು ನೋಡುತ್ತಾರೆ. ಬಹಳ ಮಂದಿಗೆ ಅಷ್ಟೇ ಸಾಕಾಗುತ್ತದೆ. ನಮ್ಮ ಹೆಣ್ಣುಮಕ್ಕಳ ತೊಂದರೆ ಬೇರೆ. ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು ಹಾಕುವ ತನಕ ಹೊಟ್ಟೆಗೆ ಸಕ್ಕರೆ ಚಹಾ ಮಾತ್ರ. ಹತ್ತು ಗಂಟೆಗೆ ಒಮ್ಮೆಲೇ ಹೊಟ್ಟೆ ತುಂಬ ಊಟ. ಇದರಿಂದ ಸಕ್ಕರೆ ಒಮ್ಮೆಲೇ ಏರುತ್ತದೆ. “ಇಬ್ಬರ ಊಟ ಮಾಡು” ಎನ್ನುವುದನ್ನು ಬಿಟ್ಟು, ಅದೇ ಊಟವನ್ನು ಐದಾರು ಸಲಕ್ಕೆ ಹಂಚಿಕೊಳ್ಳಿ:

• ಹಾಲು ಕರೆಯುವ ಮೊದಲು: ಒಂದು ಹಿಡಿ ನೆನೆಸಿದ ಕಾಳು ಅಥವಾ ಸಕ್ಕರೆ ಹಾಕದ ಅರ್ಧ ಲೋಟ ಹಾಲು.
• ಎಂಟು ಗಂಟೆ: ಜೋಳದ ಅಥವಾ ಸಜ್ಜೆ ರೊಟ್ಟಿ, ಪಲ್ಯ, ಕಾಳು.
• ಹನ್ನೊಂದು ಗಂಟೆ: ಮಜ್ಜಿಗೆ, ಸ್ವಲ್ಪ ಶೇಂಗಾ.
• ಮಧ್ಯಾಹ್ನ: ಸಣ್ಣ ಮುದ್ದೆ ಅಥವಾ ರೊಟ್ಟಿ, ಸೊಪ್ಪಿನ ಸಾರು, ಮೊಟ್ಟೆ. ಅನ್ನ ಕಡಿಮೆ.
• ಸಂಜೆ ಹಾಲು ಕರೆಯುವ ಮೊದಲು: ಬೇಯಿಸಿದ ಹೆಸರುಕಾಳು ಅಥವಾ ಮಡಕೆಕಾಳು. ಮಂಡಕ್ಕಿ-ಮಿರ್ಚಿ ಬೇಡ. ಮಂಡಕ್ಕಿ ಹಗುರ ಕಂಡರೂ ಸಕ್ಕರೆಯನ್ನು ಬೇಗ ಏರಿಸುತ್ತದೆ.
• ರಾತ್ರಿ ಎಂಟರೊಳಗೆ ಊಟ.

ರೊಟ್ಟಿ ಎಷ್ಟು, ಮುದ್ದೆ ಎಷ್ಟು ಎಂಬುದನ್ನು ನಿಮ್ಮ ತೂಕ ನೋಡಿ ಡಾಕ್ಟರೇ ಹೇಳಬೇಕು. ಮನೆಯ ಹಾಲನ್ನೆಲ್ಲ ಸಂಘಕ್ಕೆ ಹಾಕದೆ ಬಸುರಿಯ ಪಾಲನ್ನು ಮೊದಲು ತೆಗೆದಿಡಿ. ಅಂಗನವಾಡಿಯ ಮೊಟ್ಟೆ ಬಿಡಬೇಡಿ, ಬೆಲ್ಲ ಹಾಕಿದ ಚಿಕ್ಕಿ ಬೇಡ. ಕುಬಸದ ಹೋಳಿಗೆಯನ್ನು ಬಾಯಿಗೆ ಮುಟ್ಟಿಸಿದರೆ ಶಾಸ್ತ್ರ ಆಯಿತು. ಉಪವಾಸ ಬೇಡವೇ ಬೇಡ. ಡಾಕ್ಟರು ಬೇಡ ಎನ್ನದಿದ್ದರೆ ದಿನಕ್ಕೆ ಅರ್ಧ ತಾಸು ನಡೆಯಿರಿ. ಕೊಟ್ಟಿಗೆ ಕೆಲಸ ಮಾಡಿದೆ ಎಂದು ಇದನ್ನು ಬಿಡಬೇಡಿ. ಊಟದ ನಂತರದ ನಡಿಗೆ ಸಕ್ಕರೆ ಇಳಿಸುತ್ತದೆ. ತುಂಬಿದ ಕ್ಯಾನು, ಹುಲ್ಲಿನ ಹೊರೆ ಮಾತ್ರ ಬೇರೆಯವರು ಎತ್ತಲಿ.

ಇನ್ಸುಲಿನ್ ಎಂದರೆ ಭಯ ಬೇಡ

ಎರಡು ವಾರದ ಬಳಿಕ ಊಟವಾಗಿ ಎರಡು ತಾಸಿಗೆ ನೋಡಿದ ಸಕ್ಕರೆ 120ಕ್ಕಿಂತ ಕೆಳಗೆ ಬರದಿದ್ದರೆ ಮಾತ್ರೆ ಅಥವಾ ಇನ್ಸುಲಿನ್ ಶುರು ಮಾಡುತ್ತಾರೆ. ಇನ್ಸುಲಿನ್‌ನಿಂದ ಕೂಸಿಗೆ ತೊಂದರೆ ಇಲ್ಲ. ಹೆಚ್ಚಿನವರಿಗೆ ಹೆರಿಗೆಯ ನಂತರ ಅದು ನಿಲ್ಲುತ್ತದೆ. ದನದ ಲಸಿಕೆಯಂತೆ ಇದನ್ನೂ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮೈ ನಡುಗಿ, ಬೆವರಿ, ಕಣ್ಣು ಕತ್ತಲಿಟ್ಟರೆ ಸಕ್ಕರೆ ಇಳಿದಿದೆ ಎಂದು ತಿಳಿಯಿರಿ. ಆಗ ಮಾತ್ರ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಸಿ, ಸ್ವಲ್ಪ ಹೊತ್ತು ಮಲಗಿಸಿ, ಏನಾದರೂ ತಿನ್ನಿಸಿ. ಸರಿಹೋಗದಿದ್ದರೆ 108ಕ್ಕೆ ಕರೆ ಮಾಡಿ.

ಹೆರಿಗೆಯಾದ ಮೇಲೆ

ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಕರುವಿಗೆ ಗಿಣ್ಣು ಹಾಲನ್ನು ತಡಮಾಡದೆ ಕುಡಿಸಿ ಎಂದು ನಾವು ಹೇಳುತ್ತೇವೆ. ಕೂಸಿಗೂ ಒಂದು ತಾಸಿನೊಳಗೆ ತಾಯಿಯ ಹಾಲು ಕೊಡಿ. ಅದರಿಂದ ಕೂಸಿನ ಸಕ್ಕರೆ ಇಳಿಯುವುದು ತಪ್ಪುತ್ತದೆ. ಆರು ವಾರಕ್ಕೆ ಕೂಸಿಗೆ ಲಸಿಕೆ ಹಾಕಿಸಲು ಹೋದಾಗ ತಾಯಿಯೂ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಲಿ. ಸರಿಯಿದೆ ಎಂದು ಬಂದರೂ ವರ್ಷಕ್ಕೊಮ್ಮೆ ಬಿಡದೆ ಮಾಡಿಸಬೇಕು.

ಅತ್ತೆಯಂದಿರಲ್ಲಿ, ಗಂಡಂದಿರಲ್ಲಿ ಒಂದು ಮನವಿ. ಸೊಸೆ ಪರೀಕ್ಷೆಗೆ ಹೋಗುವ ದಿನ ಹಾಲು ಕರೆಯುವ ಕೆಲಸ ನಿಮ್ಮದಿರಲಿ. ಹಸುವಿನ ಗಬ್ಬ ಪರೀಕ್ಷೆಗೆ ದಿನ ಗುರುತಿಟ್ಟುಕೊಂಡು ನಮ್ಮನ್ನು ಕರೆಯುತ್ತೀರಿ. ಮನೆಯ ಬಸುರಿಯ ತಾಯಿ ಕಾರ್ಡಿನಲ್ಲಿ ಸಕ್ಕರೆ ಪರೀಕ್ಷೆ ಬರೆದಿದೆಯೇ ಎಂದು ಇವತ್ತೇ ತೆಗೆದು ನೋಡಿ. ಇಲ್ಲದಿದ್ದರೆ ನಾಳೆ ಬೆಳಗಿನ ಹಾಲು ಹಾಕಿದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.